ಹಳೆಯ ತಲೆಬರಹಗಳಿಗೊಂದು ಮರುದಿನ: ಫೋರ್ಟಿನ ಅಂಗಡಿಯೊಂದರ ಪತ್ರಿಕಾ ಪೆಟ್ಟಿಗೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ, ಹಾರ್ನಿಮನ್ ಸರ್ಕಲಿನಿಂದ ಒಳಕ್ಕೆ ಹೊರಳುವ ಗಲ್ಲಿಯೊಂದರ ಮೊದಲ ಮಹಡಿಯಲ್ಲಿ, ಹಳೆಯ ಪತ್ರಿಕೆಗಳನ್ನು ಕೊಂಡು ಮಾರುವ ಪುಟ್ಟ ಅಂಗಡಿಯೊಂದಿದೆ. ಹುಟ್ಟುಹಬ್ಬಕ್ಕೋ ಮದುವೆಯ ಐವತ್ತನೆಯ ವರ್ಷಕ್ಕೋ ಆಯಾ ದಿನಾಂಕದ ಪತ್ರಿಕೆಯನ್ನು ಹುಡುಕಿಕೊಡುವುದು ಅದರ ಮೂಲ ವ್ಯಾಪಾರ. ಕುಂದಾಪುರ ಕಡೆಯವರಾದ ಯಜಮಾನರು ಹರೆಯದಲ್ಲಿ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ ಮಾಡಿದವರು. ಅವರು ತಮ್ಮ ಕೆಲವು ಮಿತ್ರರೊಡನೆ ಸೇರಿ ಈಗ ಕನ್ನಡದಲ್ಲೊಂದು ಪೆಟ್ಟಿಗೆಯನ್ನು ಸಿದ್ಧಪಡಿಸಿದ್ದಾರೆ. ಅದರಲ್ಲಿ ಇಪ್ಪತ್ತನಾಲ್ಕು ಮಡಿಕೆ ಹಾಳೆಗಳಿವೆ. ಬೆಲೆ 750 ರೂಪಾಯಿ. ಪ್ರತಿ ಹಾಳೆಯ ಮುಖಪುಟದಲ್ಲಿ ಹಿಂದೊಮ್ಮೆ ನಿಜವಾಗಿಯೂ ಅಚ್ಚಾದ ಒಂದು ತಲೆಬರಹ ಇಲ್ಲವೇ ಸುದ್ದಿಯಿದೆ. ಒಳಗಿನ ಎರಡು ಪುಟಗಳಲ್ಲಿ, ಆ ಸುದ್ದಿ ಅಕ್ಷರಶಃ ಸತ್ಯವಾಗಿದ್ದರೆ ಮರುದಿನದ ಪತ್ರಿಕೆಯಲ್ಲಿ ಏನೇನು ಬರುತ್ತಿತ್ತು ಎಂಬ ಕಲ್ಪನೆಯಿದೆ. ಹಿಂಬದಿಯಲ್ಲಿ ವಾಸ್ತವವಾಗಿ ನಡೆದದ್ದೇನು ಎಂಬ ವಿವರವಿದೆ.

ಇಂಥ ವಸ್ತುವಿಗೆ ಇದಕ್ಕಿಂತ ತಕ್ಕ ಜಾಗ ಈ ಊರಿನಲ್ಲಿಲ್ಲ. 1822ರ ಜುಲೈ 1ರಂದು ಫರ್ದೂನ್‌ಜಿ ಮರ್ಜ್‌ಬಾನ್ ಆರಂಭಿಸಿದ ಗುಜರಾತಿ ಪತ್ರಿಕೆ ‘ಮುಂಬಯಿ ಸಮಾಚಾರ’ ಇಂದಿಗೂ ಇದೇ ಫೋರ್ಟಿನಿಂದ ಹೊರಡುತ್ತಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದದ್ದು 1843ರಲ್ಲಿ, ಅದೂ ಜುಲೈ 1ರಂದೇ. ಈ ಎರಡು ಸಂಗತಿಗಳನ್ನೂ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಒಂದರ ಪಕ್ಕ ಒಂದು ಅಚ್ಚು ಹಾಕಿದ್ದಾರೆ. ಕರಾವಳಿಯಿಂದ ಬಂದು ಈ ನಗರದಲ್ಲಿ ಬಾಳು ಕಟ್ಟಿಕೊಂಡ ಕನ್ನಡಿಗರಿಗೆ ಅದನ್ನು ನೋಡಿದಾಗ ಆಗುವ ಸಂತೋಷ ದೊಡ್ಡದು.

ನಗೆಬರಹವೆಂದರೆ ಏನು ಬೇಕಾದರೂ ಬರೆಯಬಹುದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಈ ಪೆಟ್ಟಿಗೆಯ ಒಳ್ಳೆಯ ಹಾಳೆಗಳು ಅದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆಯುತ್ತವೆ. ತಲೆಬರಹ ಹೇಳಿದ ಒಂದೇ ಒಂದು ಅಸಾಧ್ಯವನ್ನು ಒಪ್ಪಿಕೊಂಡ ಮೇಲೆ, ಉಳಿದದ್ದೆಲ್ಲ ಲೋಕದ ವ್ಯವಹಾರದಂತೆಯೇ ನಡೆಯಬೇಕು. ಅಂಗಡಿಯ ಲೆಕ್ಕ, ರೈಲಿನ ವೇಳಾಪಟ್ಟಿ, ಬಾಡಿಗೆಯ ತಕರಾರು, ಅಡಿಗೆಯ ರುಚಿ ಯಾವುದೂ ತಪ್ಪಬಾರದು. ಯಜಮಾನರನ್ನು ಈ ಬಗ್ಗೆ ಕೇಳಿದಾಗ ಅವರು ತಮ್ಮ ಊರಿನ ಮಾತಿನಲ್ಲೇ, “ಸುದ್ದಿ ಸುಳ್ಳಾರೂ ಅಡ್ಡಿಲ್ಲೆ, ಲೆಕ್ಕ ತಪ್ಪುಕಾಗ ಮಾರ್ರೆ” ಎಂದರು. ಲೆಕ್ಕ ತಪ್ಪದ ಹಾಳೆಗಳು ನಗಿಸುತ್ತವೆ, ತಪ್ಪಿದವು ಬೇಸರ ತರಿಸುತ್ತವೆ. ಆದ್ದರಿಂದ ನಾನು ಈ ಪೆಟ್ಟಿಗೆಯನ್ನು ಅವರದೇ ಮಾತಿನ ಅಳತೆಯಲ್ಲಿ ಅಳೆದಿದ್ದೇನೆ.

ಎಲ್ಲಕ್ಕಿಂತ ಶ್ರೇಷ್ಠವಾದದ್ದು ಮಾಹಿಮಿನ ಸಿಹಿ ಕಡಲಿನ ಹಾಳೆ. 2006ರ ಆಗಸ್ಟ್ 18ರಂದು ಮಾಹಿಮ್ ದಂಡೆಯ ಸಮುದ್ರದ ನೀರು ಸಿಹಿಯಾಗಿದೆ ಎಂಬ ಸುದ್ದಿ ಹಬ್ಬಿ, ಸಾವಿರಾರು ಜನ ಬಾಟಲಿ, ತಂಬಿಗೆ ಹಿಡಿದುಕೊಂಡು ನೀರಿಗಿಳಿದದ್ದು ಆ ಕಾಲದಲ್ಲಿ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ಅಲ್ಲಿಯೇ ಮೀಠಿ ನದಿ ಕಡಲನ್ನು ಸೇರುತ್ತದೆ. ಮಳೆಗಾಲದಲ್ಲಿ ನದಿ ತರುವ ನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲ್ಭಾಗದಲ್ಲಿ ನಿಂತು ಉಪ್ಪಿನ ರುಚಿಯನ್ನು ತಗ್ಗಿಸಿರಬೇಕು ಎಂಬ ವಿವರಣೆಯನ್ನು ಹಾಳೆಯ ಹಿಂಬದಿ ಸರಳವಾಗಿ ಕೊಡುತ್ತದೆ. ಚರಂಡಿಯ ಹಾಗೂ ಕಾರ್ಖಾನೆಗಳ ಹೊಲಸು ಸೇರುವ ಆ ನೀರನ್ನು ಕುಡಿಯಬಾರದೆಂದು ಅಧಿಕಾರಿಗಳು ಎಚ್ಚರಿಸಿದ್ದನ್ನೂ ಅದು ಮರೆತಿಲ್ಲ.

ಒಳಪುಟದ ಮರುದಿನದ ಪತ್ರಿಕೆ ಮಾತ್ರ ಕಡಲು ನಿಜಕ್ಕೂ ಸಕ್ಕರೆಯಷ್ಟು ಸಿಹಿಯಾಗಿದೆ ಎಂದು ಹಿಡಿದು ಹೊರಡುತ್ತದೆ. ಮಾಟುಂಗದಲ್ಲಿ ಹೋಟೆಲು ಮಾಲಿಕರ ತುರ್ತು ಸಭೆ ಸೇರಿದೆ. ಕಡಲ ನೀರಿನಲ್ಲೇ ಚಹಾ ಕಾಯಿಸಿದರೆ ಸಕ್ಕರೆಯ ಖರ್ಚು ಉಳಿಯುತ್ತದೆ, ಆದ್ದರಿಂದ ಚಹಾದ ದರ ಇಳಿಸಬೇಕೆಂದು ಗಿರಾಕಿಗಳು ಕೇಳುತ್ತಿದ್ದಾರೆ. ಗಲ್ಲೆಯ ಮೇಲೆ ಕೂತ ಹಿರಿಯರು ಅದಕ್ಕೆ ಕೊಡುವ ಉತ್ತರದಲ್ಲಿ ಕೊಂಕು ಹುಡುಕಲು ಸಾಧ್ಯವಿಲ್ಲ: ಭಾಂಡುಪ್ ಮತ್ತು ಮುಲುಂಡಿನ ಉಪ್ಪಿನ ಆಗರಗಳಲ್ಲಿ ಈ ಬೆಳಗ್ಗೆಯಿಂದ ಬಿಳಿಯ ಬೆಲ್ಲ ಗಟ್ಟಿಯಾಗುತ್ತಿದೆ, ಉಪ್ಪನ್ನು ರಾಜಸ್ಥಾನದ ಸಾಂಭರ್ ಸರೋವರದಿಂದ ತರಿಸಬೇಕಾಗಿದೆ, ಚಹಾದಲ್ಲಿ ಉಳಿದದ್ದು ಸಾಂಬಾರಿನಲ್ಲಿ ಹೋಗುತ್ತದೆ. ಅಲ್ಲಿಗೆ ಸಾಂಬಾರು ಸಿಹಿಯಾಗುತ್ತದೆ. ಉಡುಪಿ ಕಡೆಯ ಗಿರಾಕಿಗಳು ಯಾವ ವ್ಯತ್ಯಾಸವನ್ನೂ ಗುರುತಿಸದೆ ಉಂಡು ಎದ್ದುಹೋದರೆ, ವಿಜಾಪುರದಿಂದ ಬಂದವರೊಬ್ಬರು ‘ವಾಚಕರ ವಾಣಿ’ಗೆ ಪತ್ರ ಬರೆದು, ಇಷ್ಟು ವರ್ಷ ತಾವು ಮಾಡುತ್ತ ಬಂದ ಆಕ್ಷೇಪಕ್ಕೆ ಈಗ ಸಮುದ್ರವೇ ಸಾಕ್ಷಿ ಹೇಳಿದೆ ಎನ್ನುತ್ತಾರೆ. ಉತ್ತರ ಮತ್ತು ದಕ್ಷಿಣದ ಕನ್ನಡಿಗರು ಒಂದೇ ಊಟದ ಮನೆಯಲ್ಲಿ ಕೂತು ಬೆಳೆದ ಈ ಊರಿನಲ್ಲಿ ಮಾತ್ರ ಹುಟ್ಟಬಹುದಾದ ನಗೆ ಅದು. ಬೇರೆ ಯಾವ ಭಾಷೆಯಿಂದಲೂ ಎರವಲು ತಂದದ್ದಲ್ಲ.

ಅದೇ ಹಾಳೆಯ ಕೆಳಭಾಗದಲ್ಲಿ ಸಣ್ಣ ಸುದ್ದಿಗಳ ಅಂಕಣವಿದೆ. ದಾದರ್ ಚೌಪಾಟಿಗೆ ಇರುವೆಗಳು ಮೂರು ಸಾಲಾಗಿ ಬರುತ್ತಿರುವುದರಿಂದ ಸಂಜೆಯ ವಾಯುವಿಹಾರಿಗಳು ನಾಲ್ಕನೆಯ ಸಾಲಿನಲ್ಲಿ ನಡೆಯಬೇಕೆಂದು ಪೊಲೀಸರ ಸೂಚನೆ ಬಂದಿದೆ. ಮರೀನ್ ಡ್ರೈವಿನಲ್ಲಿ ತೆರೆಯ ಹನಿ ತುಟಿಗೆ ಸಿಡಿಯುವುದರಿಂದ ಸಕ್ಕರೆ ಕಾಯಿಲೆಯವರು ಇಳಿತದ ಹೊತ್ತಿನಲ್ಲಿ ಮಾತ್ರ ಅಲ್ಲಿ ಕೂರಬೇಕೆಂದು ವೈದ್ಯರು ಸಲಹೆ ನೀಡಿದ್ದಾರೆ. ತಾನ್ಸಾ, ವೈತರಣಾ, ಭಾತ್ಸಾಗಳಿಂದ ನಗರಕ್ಕೆ ನೀರು ತರುವ ಕೊಳವೆಗಳನ್ನು ಹಿಮ್ಮುಖ ಮಾಡಿ, ದಾರಿಯುದ್ದದ ಹಳ್ಳಿಗಳಿಗೆ ಇಲ್ಲಿಂದ ಪಾನಕ ಕಳುಹಿಸಬೇಕೆಂಬ ಗೊತ್ತುವಳಿ ಪಾಲಿಕೆಯ ಮುಂದಿದೆ. ಈ ಕೊನೆಯ ಸುದ್ದಿಯನ್ನು ಓದಿದಾಗ ನಗುವಿನ ಜೊತೆಗೆ, ಊರಿನ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯದ ನಮ್ಮ ಮಕ್ಕಳಿಗೆ ಆ ಜಲಾಶಯಗಳ ಹೆಸರುಗಳೂ ಬಾಯಿಗೆ ಬರುತ್ತವೆ.

ಮಾಟುಂಗದ ನಮ್ಮ ಓದುಗರ ಕೂಟದಲ್ಲಿ ಈ ಹಾಳೆಯನ್ನು ಗಟ್ಟಿಯಾಗಿ ಓದಿದೆವು. ಮೊಗವೀರ ಸಮುದಾಯದ ಹಿರಿಯ ತಾಯಿಯೊಬ್ಬರು ಎಲ್ಲರೂ ನಕ್ಕು ಮುಗಿಸುವ ತನಕ ಸುಮ್ಮನಿದ್ದು, “ಅದೆಲ್ಲ ಸರಿ ಮಕ್ಕಳೇ, ಆದರೆ ಒಣಮೀನಿಗೆ ಉಪ್ಪು ಯಾರು ಕೊಡುತ್ತಾರೆ?” ಎಂದು ಕೇಳಿದರು. ಹಾಳೆ ಬರೆದವರಿಗೆ ಹೊಳೆಯದಿದ್ದ ಪ್ರಶ್ನೆಯದು. ಅಲ್ಲಿಂದ ಮಾತು ಬೆಳೆದು, ಬಂಗುಡೆಯನ್ನು ಸಕ್ಕರೆಪಾಕದಲ್ಲಿ ಕಾಪಿಡಬೇಕಾಗುವುದು, ಮದುವೆಯ ಮನೆಗಳಲ್ಲಿ ಅದನ್ನು ಸಿಹಿತಿಂಡಿಯ ಸಾಲಿನಲ್ಲಿ ಬಡಿಸಬೇಕೋ ಮೀನಿನ ಸಾಲಿನಲ್ಲಿ ಬಡಿಸಬೇಕೋ ಎಂಬ ಜಗಳ ಹುಟ್ಟುವುದು, ಎಲ್ಲವೂ ಬಂದವು. ಓದುವವರನ್ನು ಹೀಗೆ ಮುಂದಿನ ಪರಿಣಾಮವನ್ನು ತಾವೇ ಕಟ್ಟುವಂತೆ ಮಾಡುವ ಶಕ್ತಿಯನ್ನು ನಾನು ಈ ಪೆಟ್ಟಿಗೆಯ ದೊಡ್ಡ ಗುಣವೆಂದು ಎಣಿಸುತ್ತೇನೆ. ಪ್ರತಿ ಹಾಳೆಯ ಕೊನೆಗೆ ಹತ್ತು ಸಾಲಿನಷ್ಟು ಜಾಗವನ್ನು ಖಾಲಿ ಬಿಟ್ಟಿರುವುದು ಬಹುಶಃ ಇದಕ್ಕಾಗಿಯೇ ಇರಬೇಕು.

ಎರಡನೆಯ ಉತ್ತಮ ಹಾಳೆ ಅಷ್ಟಗ್ರಹ ಕೂಟದ್ದು. 1962ರ ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ ಮತ್ತು ಕೇತು ಮಕರ ರಾಶಿಯಲ್ಲಿ ಒಟ್ಟಾಗುವುದರಿಂದ ಪ್ರಳಯವಾಗುತ್ತದೆ ಎಂಬ ಭಯ ದೇಶವನ್ನೆಲ್ಲ ಆವರಿಸಿತ್ತು. ಊರೂರುಗಳಲ್ಲಿ ಹೋಮಗಳು ನಡೆದವು, ಭಜನೆಗಳು ನಡೆದವು. ಹಾಳೆಯ ಮರುದಿನದ ಪತ್ರಿಕೆ ಫೆಬ್ರವರಿ 6ರದು, ಅದರ ಮೊದಲ ಸಾಲು, “ನಿನ್ನೆ ಲೋಕವು ಮುಗಿಯಿತು, ಲೋಕಲ್ ರೈಲುಗಳು ಹನ್ನೆರಡು ನಿಮಿಷ ತಡ.” ಗಿರಗಾಂವದ ಚಾಳಿನಲ್ಲಿ ಬಾಡಿಗೆದಾರನು, ಹಳೆಯ ಲೋಕದೊಂದಿಗೆ ಹಳೆಯ ಕರಾರೂ ಮುಗಿಯಿತು ಎಂದು ವಾದಿಸುತ್ತಾನೆ, ಹೊಸ ಲೋಕವೂ ಅದೇ ಗೋಡೆಗಳ ಮೇಲೆ ನಿಂತಿರುವುದರಿಂದ ಪಾಗ್ಡಿಯನ್ನು, ಅಂದರೆ ಮನೆ ಹಿಡಿಯುವಾಗ ಕೊಡುವ ಇಡಿಗಂಟನ್ನು, ಹೊಸದಾಗಿ ಕೊಡಬೇಕು ಎಂದು ಮಾಲಿಕನು ಉತ್ತರಿಸುತ್ತಾನೆ. ಪರೆಲಿನ ಗಿರಣಿಯ ಕಾರ್ಮಿಕರು, ಪ್ರಳಯವು ರಾತ್ರಿ ಪಾಳಿಯ ನಡುವೆ ಸಂಭವಿಸಿದ್ದರಿಂದ ಅದನ್ನು ಹೆಚ್ಚುವರಿ ಕೆಲಸವೆಂದು ಲೆಕ್ಕಹಾಕಬೇಕು ಎಂದು ಅರ್ಜಿ ಕೊಟ್ಟಿದ್ದಾರೆ.

ನನ್ನ ಮನಸ್ಸಿನಲ್ಲಿ ನಿಂತದ್ದು ಅದರ ಮೂರನೆಯ ಪುಟದ ಪುಟ್ಟ ವರದಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುವ ಮಾಣಿಗಳು, ಲೋಕ ಮುಗಿದ ಮೇಲೆ ಗಣಿತದ ಪರೀಕ್ಷೆ ನಡೆಯುತ್ತದೆಯೇ ಎಂದು ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಮಾಸ್ತರರು ಒಂದು ಕ್ಷಣ ಯೋಚಿಸಿ, “ಪ್ರಶ್ನೆಪತ್ರಿಕೆ ಹಿಂದಿನ ಲೋಕದಲ್ಲೇ ಅಚ್ಚಾಗಿದೆ, ಸುಮ್ಮನೆ ಯಾಕೆ ಹಾಳು ಮಾಡುವುದು? ಬನ್ನಿ, ಕೂತುಕೊಳ್ಳಿ” ಎನ್ನುತ್ತಾರೆ. ಮುಂಬಯಿ ಕನ್ನಡಿಗರ ಎಷ್ಟೋ ಕುಟುಂಬಗಳನ್ನು ಎತ್ತಿ ನಿಲ್ಲಿಸಿದ ರಾತ್ರಿಶಾಲೆಗಳ ನೆನಪನ್ನು ಪ್ರಳಯದ ಹಾಸ್ಯದೊಳಗೆ ಇಷ್ಟು ಗೌರವದಿಂದ ತಂದಿರುವುದಕ್ಕೆ ಬರೆದವರಿಗೆ ನಾನು ಕೃತಜ್ಞನಾಗಿದ್ದೇನೆ.

ಸ್ಕೈಲ್ಯಾಬ್ ಹಾಳೆಯಲ್ಲಿ ವಾಸ್ತವವೇ ಅರ್ಧ ಕೆಲಸ ಮಾಡಿದೆ. 1973ರಲ್ಲಿ ಅಮೆರಿಕ ಹಾರಿಸಿದ ಆ ಬಾಹ್ಯಾಕಾಶ ನಿಲ್ದಾಣ 1979ರ ಜುಲೈ 11ರಂದು ಭೂಮಿಗೆ ಬಿದ್ದಿತು. ತುಣುಕುಗಳು ನಮ್ಮ ತಲೆಯ ಮೇಲೆ ಬೀಳುತ್ತವೆ ಎಂದು ಇಲ್ಲಿ ಹೆದರಿದವರು ಅಸಂಖ್ಯರು. ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯದಲ್ಲಿ. ಅಲ್ಲಿನ ಎಸ್ಪರೆನ್ಸ್ ಎಂಬ ಊರಿನ ಆಡಳಿತವು ಕಸ ಎಸೆದದ್ದಕ್ಕಾಗಿ ನಾಸಾಗೆ 400 ಡಾಲರು ದಂಡ ವಿಧಿಸಿತು. 2009ರಲ್ಲಿ ಅಮೆರಿಕದ ಒಬ್ಬ ರೇಡಿಯೋ ನಿರೂಪಕ ತನ್ನ ಕೇಳುಗರಿಂದ ಹಣ ಕೂಡಿಸಿ ಅದನ್ನು ತೀರಿಸಿದ. ಹಾಳೆ ಬರೆದವರು ಈ ದಂಡವನ್ನೇ ಹಿಡಿದು ಮುಂದೆ ಹೋಗಿ, ಮುಂಬಯಿಯ ಪಾಲಿಕೆ ಆಕಾಶಕ್ಕೊಂದು ವಾರ್ಡು ಕಚೇರಿ ತೆರೆದಂತೆ ಕಲ್ಪಿಸಿದ್ದಾರೆ. ಡಿಸೆಂಬರಿನ ಜೆಮಿನಿಡ್ ಉಲ್ಕೆಗಳಿಗೆ ನೋಟಿಸು ಹೋಗಿದೆ. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತುವಿಗೆ, ಹಿಂದಿನ ಭೇಟಿಯ ಬಾಕಿಯನ್ನು ತೀರಿಸಿಯೇ ಬಾಲ ಬಿಚ್ಚಬೇಕೆಂದು ತಾಕೀತು ಮಾಡಲಾಗಿದೆ. ನೋಟಿಸನ್ನು ತಲುಪಿಸಬೇಕಾದ ಸಿಪಾಯಿಯ ಪ್ರಯಾಣ ಭತ್ಯೆಯ ಅರ್ಜಿಯಂತೂ ಒಂದು ಸ್ವತಂತ್ರ ಕೃತಿ.

ಹೊರದೇಶದ ಪತ್ರಿಕೆಗಳಿಂದ ಆಯ್ದ ಹಾಳೆಗಳಲ್ಲಿ ಗುಣ ಒಂದೇ ಸಮನಾಗಿಲ್ಲ. 1903ರ ಅಕ್ಟೋಬರ್ 9ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ, ಮನುಷ್ಯನು ಹಾರುವ ಯಂತ್ರ ಮಾಡಲು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಎಂದು ಬರೆಯಿತು. ರೈಟ್ ಸೋದರರು ಹಾರಿದ್ದು ಅದೇ ವರ್ಷದ ಡಿಸೆಂಬರ್ 17ರಂದು, ಅಂದರೆ 69 ದಿನಗಳ ನಂತರ. ಹಾಳೆಯ ಕಲ್ಪನೆ ಇದು: ಬೋರಿಬಂದರಿನಲ್ಲಿ ಕೋಟಿ ವರ್ಷದ ಮುಂಗಡ ಟಿಕೆಟು ಕೊಡಲು ಕಿಟಕಿ ತೆರೆದಿದ್ದಾರೆ, ಜನ ಹಾಸಿಗೆ ಸುತ್ತಿಕೊಂಡು ಬಂದು ಸರತಿಯಲ್ಲಿ ನಿಂತಿದ್ದಾರೆ, ಮೊಮ್ಮಕ್ಕಳ ಮೊಮ್ಮಕ್ಕಳ ಹೆಸರನ್ನು ಅರ್ಜಿಯಲ್ಲಿ ತುಂಬುತ್ತಿದ್ದಾರೆ, ಅರವತ್ತೊಂಬತ್ತನೆಯ ದಿನ ಪಟ್ಟಿ ಒಮ್ಮೆಲೇ ತೆರವಾದಾಗ ಹಣ ವಾಪಸು ಕೇಳುವವರ ಸಾಲು ಮಸ್ಜಿದ್ ಬಂದರದವರೆಗೆ ಬೆಳೆಯುತ್ತದೆ. ಚೆನ್ನಾಗಿದೆ, ಆದರೆ ಬೇಕಾದದ್ದಕ್ಕಿಂತ ಉದ್ದವಾಗಿದೆ. ಅರ್ಜಿಯ ನಮೂನೆಯನ್ನು ಪೂರ್ತಿ ಅಚ್ಚು ಹಾಕುವ ಅಗತ್ಯವಿರಲಿಲ್ಲ.

ಅದೇ ಪತ್ರಿಕೆಗೆ ಸಂಬಂಧಿಸಿದ ಮತ್ತೊಂದು ಹಾಳೆ ಇದಕ್ಕಿಂತ ಬಹಳ ಮೇಲು. ಗಾಳಿಯಿಲ್ಲದ ಕಡೆ ರಾಕೆಟ್ಟು ಚಲಿಸಲಾರದು ಎಂಬರ್ಥದಲ್ಲಿ, 1920ರ ಜನವರಿ 13ರ ಸಂಪಾದಕೀಯವು ರಾಬರ್ಟ್ ಗಾಡರ್ಡ್ ಎಂಬ ವಿಜ್ಞಾನಿಯನ್ನು ಹಂಗಿಸಿತ್ತು. ಮೂವರು ಗಗನಯಾತ್ರಿಗಳು ಚಂದ್ರನತ್ತ ಪಯಣಿಸುತ್ತಿದ್ದಾಗ, 1969ರ ಜುಲೈ 17ರಂದು, ಪತ್ರಿಕೆ ತನ್ನ ತಪ್ಪನ್ನು ತಿದ್ದಿ ವಿಷಾದ ಪ್ರಕಟಿಸಿತು. ಗಾಡರ್ಡ್ ತೀರಿಕೊಂಡು ಆಗಲೇ ಸುಮಾರು ಕಾಲು ಶತಮಾನ ಕಳೆದಿತ್ತು. ಈ ತಿದ್ದುಪಡಿಯ ಮರುದಿನ ಲೋಕದ ಹಳೆಯ ಸಂಪಾದಕರೆಲ್ಲ ಎಚ್ಚೆತ್ತು, ತಮ್ಮ ತಮ್ಮ ಬಾಕಿ ತಿದ್ದುಪಡಿಗಳನ್ನು ಹಿಡಿದುಕೊಂಡು ಬರುತ್ತಾರೆ. ಅವರಿಗಾಗಿ ಫೋರ್ಟಿನಲ್ಲಿ ವಿಶೇಷ ಕಿಟಕಿಯೊಂದನ್ನು ತೆರೆಯಲಾಗುತ್ತದೆ. ನಾಳೆ ಒಣಹವೆ ಎಂದು ಬರೆದವರ ಸಾಲು ಚರ್ಚ್‌ಗೇಟ್ ದಾಟಿದೆ. ಅಷ್ಟಗ್ರಹದ ಜ್ಯೋತಿಷಿಯೊಬ್ಬರು ಅದೇ ಸಾಲಿನಲ್ಲಿ ಕೊಡೆ ಬಿಚ್ಚಿಕೊಂಡು ನಿಂತಿದ್ದು, ತಮ್ಮದು ತಪ್ಪಲ್ಲ, ಸ್ವಲ್ಪ ತಡವಷ್ಟೇ ಎಂದು ಹಿಂದಿನವರಿಗೆ ವಿವರಿಸುತ್ತಿದ್ದಾರೆ. ಒಂದು ಹಾಳೆಯ ಪಾತ್ರ ಇನ್ನೊಂದಕ್ಕೆ ಹೀಗೆ ನಡೆದುಬರುವುದು ಪೆಟ್ಟಿಗೆಯಲ್ಲಿ ಇದೊಂದೇ ಕಡೆ; ಇಂಥವು ಇನ್ನಷ್ಟು ಬೇಕಿತ್ತು.

ಮಂಗಳನ ನಿವಾಸಿಗಳು ಎರಡೇ ವರ್ಷಗಳಲ್ಲಿ ಎರಡು ಬೃಹತ್ ಕಾಲುವೆಗಳನ್ನು ತೋಡಿದ್ದಾರೆ ಎಂಬ 1911ರ ಆಗಸ್ಟ್ 27ರ ತಲೆಬರಹವೂ ಇಲ್ಲಿದೆ. ಪರ್ಸಿವಲ್ ಲೋವೆಲ್ ಎಂಬ ಖಗೋಳಜ್ಞ ದೂರದರ್ಶಕದಲ್ಲಿ ಕಂಡೆನೆಂದ ಆ ಗೆರೆಗಳು 1965ರಲ್ಲಿ ಮ್ಯಾರಿನರ್ 4 ಕಳುಹಿಸಿದ ಚಿತ್ರಗಳಲ್ಲಿ ಕಾಣಲಿಲ್ಲ ಎಂದು ಹಿಂಬದಿ ತಿಳಿಸುತ್ತದೆ. ಮಳೆಗಾಲಕ್ಕೆ ಮೊದಲು ಮುಂಬಯಿಯ ನಾಲೆಗಳ ಹೂಳೆತ್ತಲು ಮಂಗಳನವರು ಟೆಂಡರು ಹಾಕುವ ಕಲ್ಪನೆ ಸಹಜವಾಗಿಯೇ ನಗು ತರಿಸುತ್ತದೆ. 1835ರಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆ, ಜಾನ್ ಹರ್ಷಲ್ ಚಂದ್ರನ ಮೇಲೆ ಬಾವಲಿಯಂಥ ಮನುಷ್ಯರನ್ನು ಕಂಡಿದ್ದಾರೆ ಎಂದು ಕಟ್ಟಿ ಬರೆದ ಸುಳ್ಳಿನ ಹಾಳೆ ಪುಟ್ಟದು, ಚುರುಕಾದದ್ದು: ತಲೆಕೆಳಗಾಗಿ ನೇತಾಡುವ ಆ ಚಂದಾದಾರರಿಗಾಗಿ ಪತ್ರಿಕೆಯನ್ನು ತಲೆಕೆಳಗಾಗಿ ಅಚ್ಚು ಹಾಕಬೇಕಾಗುತ್ತದೆ. ಆ ಒಳಪುಟವನ್ನು ನಿಜವಾಗಿಯೂ ತಲೆಕೆಳಗಾಗಿಯೇ ಮುದ್ರಿಸಿದ್ದಾರೆ, ಮಕ್ಕಳು ಅದನ್ನು ಕೈಯಿಂದ ಕೆಳಗಿಡುವುದಿಲ್ಲ.

1948ರ ನವೆಂಬರ್ 3ರ ‘ಶಿಕಾಗೋ ಡೇಲಿ ಟ್ರಿಬ್ಯೂನ್’ ಹಾಳೆ ನಿರಾಶೆ ತಂದಿತು. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದವರು ಟ್ರೂಮನ್ ಆಗಿದ್ದರೂ, ಟ್ರೂಮನ್ನರನ್ನು ಡ್ಯೂಯಿ ಸೋಲಿಸಿದರೆಂದು ಅಚ್ಚಾದ ಆ ತಲೆಬರಹ ಬಹಳ ಪ್ರಸಿದ್ಧವಾದದ್ದು. ಇಬ್ಬರು ಅಧ್ಯಕ್ಷರು ಒಂದೇ ಕುರ್ಚಿಯಲ್ಲಿ ಕೂರುವ ಪ್ರಸಂಗವನ್ನು ಎಳೆದೆಳೆದು ಬರೆದಿದ್ದಾರೆ, ಅದರಲ್ಲಿ ಲೋಕದ ಲೆಕ್ಕವಿಲ್ಲ. ವಾಸ್ತವದ ಕಥೆ ಎಷ್ಟೋ ಸೊಗಸಾಗಿದೆ. ಮೊಳೆ ಜೋಡಿಸುವವರ ಮುಷ್ಕರದಿಂದಾಗಿ ಆ ಪತ್ರಿಕೆ ಸುದ್ದಿಯನ್ನು ಟೈಪು ಯಂತ್ರದಲ್ಲಿ ಬೆರಳಚ್ಚಿಸಿ, ಛಾಯಾಚಿತ್ರ ತೆಗೆದು, ಫಲಕಕ್ಕೆ ಕೊರೆಸಿ ಮುದ್ರಿಸುತ್ತಿತ್ತು. ಅದಕ್ಕೆ ಹೆಚ್ಚು ಹೊತ್ತು ಬೇಕಾದ್ದರಿಂದ, ಮತಗಳ ಎಣಿಕೆ ಮುಗಿಯುವ ಎಷ್ಟೋ ಮೊದಲೇ ಪುಟವನ್ನು ಮುಚ್ಚಬೇಕಾಯಿತು. ಅಕ್ಷರ ಜೋಡಿಸುವ ಕೈಗಳು ಗೈರುಹಾಜರಾದಾಗ ಒಬ್ಬ ಅಧ್ಯಕ್ಷನೇ ಬದಲಾಗಿಬಿಟ್ಟ ಎಂಬ ಸಂಗತಿಯನ್ನು, ಸ್ವತಃ ಅಚ್ಚುಮೊಳೆ ಹಿಡಿದ ಯಜಮಾನರೇ ಹಿಂಬದಿಯ ಎರಡು ಸಾಲಿಗೆ ಇಳಿಸಿಬಿಟ್ಟದ್ದು ನನಗೆ ಅರ್ಥವಾಗಲಿಲ್ಲ.

ಇನ್ನೊಂದು ಹಾಳೆಯ ಬಗ್ಗೆ ನನ್ನ ಆಕ್ಷೇಪ ಗಂಭೀರವಾದದ್ದು. 1912ರ ಏಪ್ರಿಲಿನಲ್ಲಿ, ಟೈಟಾನಿಕ್ ಹಡಗಿನ ಪ್ರಯಾಣಿಕರೆಲ್ಲರೂ ಪಾರಾದರೆಂದು ಕೆಲವು ಪತ್ರಿಕೆಗಳು ಅಚ್ಚು ಹಾಕಿದ್ದವು. ಆ ದುರಂತದಲ್ಲಿ ಸತ್ತವರು ಸುಮಾರು 1,500 ಮಂದಿ. ಆ ತಲೆಬರಹ ನಿಜವಾಗಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸುವುದು, ಅದನ್ನು ಓದಿ ಒಂದು ದಿನ ನೆಮ್ಮದಿಯಿಂದಿದ್ದು ಮರುದಿನ ಎದೆಯೊಡೆದುಕೊಂಡ ಮನೆಗಳ ಮುಂದೆ ನಿಂತು ಹಾಸ್ಯ ಮಾಡಿದಂತೆ. ಬರೆದವರು ಕಟುವಾಗಿ ಏನೂ ಬರೆದಿಲ್ಲ, ಮನೆಗೆ ಮರಳಿದವರ ಸಾಮಾನು ಅದಲುಬದಲಾಗುವ ಸೌಮ್ಯವಾದ ಪ್ರಸಂಗವಷ್ಟೇ ಅಲ್ಲಿದೆ. ಆದರೂ ಆ ಹಾಳೆ ಈ ಪೆಟ್ಟಿಗೆಯಲ್ಲಿರಬಾರದು. ನಾನಿದನ್ನು ಅಂಗಡಿಯಲ್ಲಿ ಹೇಳಿದಾಗ ಯಜಮಾನರು ವಾದಕ್ಕೆ ನಿಲ್ಲಲಿಲ್ಲ. ಮುಂದಿನ ಮುದ್ರಣದಲ್ಲಿ ತೆಗೆದು ಬೇರೊಂದನ್ನು ಸೇರಿಸುವುದಾಗಿ ಒಪ್ಪಿಕೊಂಡರು. ಈಗ ಕೊಳ್ಳುವವರು ಬಯಸಿದರೆ ಆ ಹಾಳೆಯನ್ನು ಹೊರತೆಗೆದೇ ಕೊಡುತ್ತಾರೆ.

ಅದಕ್ಕೆ ಬದಲಾಗಿ ಬರುವ ಹಾಳೆ ಕನ್ನಡ ಪತ್ರಿಕೆಯದ್ದಾಗಿರಲಿ ಎಂಬುದು ನನ್ನ ಒತ್ತಾಯ. ಕನ್ನಡದ ಪೆಟ್ಟಿಗೆಯಲ್ಲಿ ಕನ್ನಡ ಪತ್ರಿಕೆಗಳ ತಲೆಬರಹಗಳು ಇಷ್ಟು ಕಡಿಮೆ ಇರುವುದು ಅದರ ನಿಜವಾದ ಕೊರತೆ. ‘ಮಂಗಳೂರ ಸಮಾಚಾರ’ದ ಕಾಲದಲ್ಲಿ ಇಂದಿನ ಬಗೆಯ ದಪ್ಪಕ್ಷರದ ತಲೆಬರಹಗಳ ರೂಢಿ ಇರಲಿಲ್ಲವೆಂಬುದು ನಿಜ, ಆದರೆ ನಂತರದ ಕಾಲಕ್ಕೆ ಆ ತೊಡಕಿಲ್ಲ. 1948ರಲ್ಲಿ ‘ಪ್ರಜಾವಾಣಿ’, 1970ರಲ್ಲಿ ‘ಉದಯವಾಣಿ’ ಹುಟ್ಟಿದವು, ಅವಕ್ಕಿಂತ ಹಿಂದಿನಿಂದ ‘ಸಂಯುಕ್ತ ಕರ್ನಾಟಕ’ವಿದೆ, ಈ ನಗರದಲ್ಲೇ ‘ಕರ್ನಾಟಕ ಮಲ್ಲ’ ಹೊರಡುತ್ತಿದೆ. ಇಷ್ಟೆಲ್ಲ ಇದ್ದೂ ಕನ್ನಡ ಮೂಲದಿಂದ ಬಂದದ್ದು ನಾಣ್ಯದ ಹಾಳೆಯೊಂದೇ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ನೂರು ನಯಾ ಪೈಸೆಯ ಲೆಕ್ಕ ಬಂತು. ಒಂದಾಣೆಗೆ ಆರೂಕಾಲು ನಯಾ ಪೈಸೆ ಆಗುವುದರಿಂದ, ಒಂದಾಣೆಯ ಇಡ್ಲಿಗೆ ಆರು ಪೈಸೆ ಕೊಟ್ಟರೆ ಕಾಲು ಪೈಸೆ ಹೋಟೆಲಿಗೆ ನಷ್ಟ, ಏಳು ಕೊಟ್ಟರೆ ಮುಕ್ಕಾಲು ಪೈಸೆ ಗಿರಾಕಿಗೆ ನಷ್ಟ. ಮರುದಿನದ ಪತ್ರಿಕೆಯಲ್ಲಿ ಒಬ್ಬ ನ್ಯಾಯವಂತ ಗಲ್ಲೆಯವರು, ಉಳಿದ ಮುಕ್ಕಾಲು ಪೈಸೆಗೆ ಸರಿಯಾಗುವಷ್ಟು ಇಡ್ಲಿಯ ಚೂರನ್ನು ತೂಕ ಮಾಡಿ ಕೊಡಲು ಬಂಗಾರದ ಅಂಗಡಿಯಿಂದ ತಕ್ಕಡಿ ತರಿಸುತ್ತಾರೆ. ಮಧ್ಯಾಹ್ನದೊಳಗೆ ಚಟ್ನಿಯನ್ನೂ ಅದೇ ಲೆಕ್ಕದಲ್ಲಿ ಹಂಚಬೇಕೆಂಬ ಬೇಡಿಕೆ ಏಳುತ್ತದೆ. ಲೆಕ್ಕ ತಪ್ಪದ ನಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮುದ್ರಣ ಅಚ್ಚುಕಟ್ಟಾಗಿದೆ. ಒಳಪುಟದ ಅಕ್ಷರಗಳು ದೊಡ್ಡದಾಗಿರುವುದರಿಂದ, ಮನೆಯಲ್ಲಿ ಕನ್ನಡವಾಡಿದರೂ ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಓದುವ ಇಲ್ಲಿನ ಮಕ್ಕಳು ಕೂಡಿಸಿ ಕೂಡಿಸಿ ಓದಲು ಅನುಕೂಲವಾಗಿದೆ. ಹಿಂಬದಿಯ ಅಕ್ಷರ ಮಾತ್ರ ಹಿರಿಯರ ಕಣ್ಣಿಗೆ ತೀರ ಚಿಕ್ಕದು. ಇಂಗ್ಲಿಷಿನಿಂದ ತಂದ ಕೆಲವು ತಲೆಬರಹಗಳ ಕನ್ನಡ ಬಿಗಿಯಾಗಿದೆ, ಯಾರೂ ಹಾಗೆ ಮಾತಾಡುವುದಿಲ್ಲ. ಅಂಚೆಯಲ್ಲಿ ತರಿಸಿದರೆ ರಟ್ಟಿನ ಮೂಲೆ ಜಜ್ಜಿಹೋಗುವುದುಂಟು, ಆದ್ದರಿಂದ ಫೋರ್ಟಿಗೆ ಹೋಗಬಲ್ಲವರು ಅಂಗಡಿಯಲ್ಲೇ ಕೊಳ್ಳುವುದು ಉತ್ತಮ. ಅಲ್ಲಿ ದಿನಾಂಕದ ಮೂಲ ಪತ್ರಿಕೆಯನ್ನು ಕೊಂಡರೆ ಅದನ್ನು ಕಾಪಾಡುವ ಕ್ರಮವನ್ನೂ ತಾಳ್ಮೆಯಿಂದ ಹೇಳಿಕೊಡುತ್ತಾರೆ: ಪತ್ರಿಕೆಯ ಕಾಗದದಲ್ಲಿರುವ ಲಿಗ್ನಿನ್ ಗಾಳಿ ಬೆಳಕಿಗೆ ಹಳದಿಯಾಗಿ ಪುಡಿಯಾಗುವುದರಿಂದ ಬಿಸಿಲು ತಾಗದಂತೆ ಮಡಿಸದೆ ಇಡಬೇಕು, ಮಳೆಗಾಲದಲ್ಲಿ ತೇವ ಹೀರುವ ಪೊಟ್ಟಣ ಹಾಕಬೇಕು, ಲ್ಯಾಮಿನೇಟ್ ಮಾಡಿಸಬಾರದು.

ಎರಡನೆಯ ಪೆಟ್ಟಿಗೆಯ ಸಿದ್ಧತೆ ನಡೆದಿದೆ. 1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿದ ಸುದ್ದಿಯನ್ನು ಅದರಲ್ಲಿ ಸೇರಿಸಬೇಕೆಂದು ನಾವು ಕೆಲವರು ಕೇಳಿಕೊಂಡಿದ್ದೇವೆ. ಚಮಚದ ಹಾಲನ್ನು ಕಲ್ಲಿನ ಮೈ ಎಳೆದುಕೊಳ್ಳುವುದಕ್ಕೆ ದ್ರವದ ಮೇಲ್ಮೈ ಸೆಳೆತವೇ ಕಾರಣವೆಂದು ವಿಜ್ಞಾನಿಗಳು ಆಗಲೇ ತೋರಿಸಿಕೊಟ್ಟರು. ಆದರೆ ಅದು ನಿಜವಾಗಿದ್ದರೆ ಮರುದಿನ ಬೆಳಗ್ಗೆ ‘ಆರೇ’ ಹಾಲಿನ ಡೇರಿಯ ಬೂತಿನ ಮುಂದೆ ಗಣಪತಿಯ ಪರವಾಗಿ ಯಾರು ಸರತಿಯಲ್ಲಿ ನಿಲ್ಲುತ್ತಿದ್ದರು, ಅವನ ಹೆಸರಿಗೆ ರೇಷನ್ ಕಾರ್ಡು ಬರೆಯುವಾಗ ಕುಟುಂಬದ ಯಜಮಾನನೆಂದು ಶಿವನನ್ನು ಬರೆಯಬೇಕೋ ಅವನನ್ನೇ ಬರೆಯಬೇಕೋ, ಮೋದಕ ಮಾಡುವವರು ಗಿರಾಕಿ ತಪ್ಪಿತೆಂದು ಯಾರಲ್ಲಿ ದೂರುತ್ತಿದ್ದರು ಎಂದೆಲ್ಲ ಬರೆಯಲು ಜಾಗ ಸಾಲದು. ಯಜಮಾನರ ಷರತ್ತು ಒಂದೇ: ಆ ವಾರದ ಕನ್ನಡ ಪತ್ರಿಕೆಯ ಮೂಲ ಪ್ರತಿ ಕೈಗೆ ಸಿಗಬೇಕು. ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಕಪಾಟಿನ ಹಲಗೆಯ ಮೇಲೆ ಹಾಸಿದ ಕಾಗದಗಳಲ್ಲಿ ಅಂಥದ್ದು ಯಾರಿಗಾದರೂ ದೊರೆತರೆ ರದ್ದಿಗೆ ಹಾಕದೆ ಅಂಗಡಿಗೆ ತಲುಪಿಸಬೇಕು. ಪುಟದ ಚಿತ್ರ ತೆಗೆದುಕೊಂಡು ಪತ್ರಿಕೆಯನ್ನು ಅಂದೇ ಹಿಂದಿರುಗಿಸುತ್ತಾರೆ. ಭಾನುವಾರ ಅಂಗಡಿಗೆ ರಜೆ.